ಅಕ್ಕರೆಯ ಅಂಕ

"ಮಗನೇ, ನಿನ್ನ ಇರುವಿಕೆಯು ನನಗೆ ಅಪಾರ ಸಂತೋಷವನ್ನು ತರುತ್ತದೆ."

ಅದನ್ನು ಮತ್ತೊಮ್ಮೆ ಹೇಳಿ ಮುಗಿಸಿ, ಬಾಯಲ್ಲಿ ಮರಳು ಉಳಿದವಳ ಹಾಗೆ ಅವಳು ತುಟಿ ಒರೆಸಿಕೊಂಡಳು. ಗಾಜಿನ ಆಚೆ ಕೂತಿದ್ದ ನಿರ್ದೇಶಕ ತೋರುಬೆರಳು ಎತ್ತಿದ. ಬೆರಳೆತ್ತಿದನೆಂದರೆ ಇನ್ನೊಂದು ಸಲ. ಕೆಲಸ ಶುರುವಾದ ದಿನದಿಂದ ಅವನ ಬಾಯಿಂದ ಅವಳು ಹೆಚ್ಚಾಗಿ ಕೇಳಿದ್ದು ಅದೊಂದೇ ಮಾತಾದ್ದರಿಂದ ಮನಸ್ಸಿನಲ್ಲೇ ಅವನಿಗೆ ಇನ್ನೊಂದ್ಸಲ ಎಂದು ಹೆಸರಿಟ್ಟುಬಿಟ್ಟಿದ್ದಳು. "ಇನ್ನೊಂದ್ಸಲ ಮೇಡಂ, ಸ್ವಲ್ಪ ಪ್ರೀತಿ ಜಾಸ್ತಿ ಮಾಡಿ," ಎಂದು ಅವನ ದನಿ ಹೆಡ್‌ಫೋನಿನಲ್ಲಿ ಕಿವಿಯ ಒಳಗೇ ಕೂತು ಹೇಳಿತು. ಪ್ರೀತಿ ಜಾಸ್ತಿಯಂತೆ, ಸಾರಿಗೆ ಉಪ್ಪು ಜಾಸ್ತಿ ಮಾಡಿ ಎಂದ ಹಾಗೆ. ಇರುವಿಕೆ ಎಂಬ ಶಬ್ದಕ್ಕೆ ಎಲ್ಲಿಂದ ಪ್ರೀತಿ ಹಾಕುವುದು? ಯಾವ ತಾಯಿ ಹೆತ್ತ ಮಗನ ಎದುರು ನಿಂತು ಇರುವಿಕೆ ಎನ್ನುತ್ತಾಳೆ? ಮೂವತ್ತು ವರ್ಷದಿಂದ ಅವಳು ತಾಯಿ. ರೇಡಿಯೋ ನಾಟಕಗಳಲ್ಲಿ ತಾಯಿ, ಸೋಪಿನ ಜಾಹೀರಾತಿನಲ್ಲಿ ತಾಯಿ. ಊರಿನ ಅರ್ಧ ಮಕ್ಕಳಿಗೆ ಕೆಮ್ಮಿನ ಔಷಧಿ ಕುಡಿಸಿದ್ದು ಅವಳ ಗಂಟಲು. ಎಂತೆಂಥ ತಲೆಬುಡವಿಲ್ಲದ ಮಾತುಗಳನ್ನೂ ನಾಲಿಗೆಯ ಮೇಲೆ ಹೊರಳಿಸಿ, ಮೆತ್ತಗೆ ಮಾಡಿ, ಮನುಷ್ಯರು ಆಡಿದ ಹಾಗೆ ಆಡಿದವಳು. ಆದರೆ ಆಗ ಎದುರಿಗೆ ಯಾರಾದರೂ ಇರುತ್ತಿದ್ದರು. ಮೈಕಿನ ಆ ಬದಿಯಲ್ಲಿ ಒಬ್ಬ ಮಗ, ಹೊಟ್ಟೆ ಬಂದ ನಲವತ್ತರ ನಟನಾದರೂ ಸರಿ, ಕಣ್ಣಲ್ಲಿ ಕಣ್ಣಿಟ್ಟು 'ಅಮ್ಮಾ' ಎನ್ನುತ್ತಿದ್ದ. ಇಲ್ಲಿ ಸ್ಪಂಜು ಮೆತ್ತಿದ ಗೋಡೆ, ಸದ್ದಾಗಬಾರದೆಂದು ನಿಲ್ಲಿಸಿದ ಫ್ಯಾನು, ಕಿರುಗುಟ್ಟುತ್ತದೆಂದು ಹೊರಗಿಟ್ಟ ಕುರ್ಚಿ, ಬಾಗಿಲಾಚೆ ಬಿಡಿಸಿದ ಚಪ್ಪಲಿ. ಬರಿಗಾಲಲ್ಲಿ ನಿಂತು, ಹಿಂದುಮುಂದು ಗೊತ್ತಿಲ್ಲದ ಬಿಡಿ ಬಿಡಿ ವಾಕ್ಯಗಳನ್ನು ಗಾಳಿಗೆ ಹೇಳಬೇಕು.

"ಇದನ್ನ ಯಾರಿಗೆ ಹೇಳ್ತಿದೀನಿ? ಅವನು ಪಕ್ಕದಲ್ಲಿದಾನಾ, ಬಾಗಿಲಲ್ಲಿ ನಿಂತಿದಾನಾ?" ಎಂದು ಮೊದಲ ದಿನವೇ ಕೇಳಿದ್ದಳು. "ಅದು ಗೇಮ್ ಆಡೋ ಪ್ಲೇಯರ್ ಮೇಲೆ ಹೋಗುತ್ತೆ ಮೇಡಂ. ಎಲ್ಲಿ ಬೇಕಾದ್ರೂ ನಿಂತಿರಬಹುದು. ಮೇಜಿನ ಮೇಲೂ ಹತ್ತಿರಬಹುದು." "ಮೇಜಿನ ಮೇಲೆ ಹತ್ತಿದ್ರೆ ನಾನು ಇಳಿಯೋ ಅನ್ನಲ್ವಾ?" ಎಂದಿದ್ದಕ್ಕೆ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡುವ ಹುಡುಗ ನಕ್ಕಿದ್ದ. ನಿರ್ದೇಶಕ ಇನ್ನೊಂದ್ಸಲ ಮಾತ್ರ ನಕ್ಕಿರಲಿಲ್ಲ. "ಅದಕ್ಕೆ ಲೈನ್ ಇಲ್ಲ ಮೇಡಂ," ಎಂದಿದ್ದ.

ಇದು ವಿಡಿಯೋ ಗೇಮು. ಆಡುವವನು ಒಬ್ಬ ಯೋಧನಾಗಿ ಊರೂರು ಸುತ್ತಿ, ಕಂಡವರೊಂದಿಗೆ ಮಾತಾಡಿ, ಕಾದಾಡಿ ಕಥೆ ಮುಂದುವರಿಸುತ್ತಾನೆ. ಅವಳು ಆ ಯೋಧನ ತಾಯಿ. ಈ ಬಗೆಯ ಆಟಗಳು ಅವಳಿಗೆ ಹೊಸದೇನೂ ಅಲ್ಲ, ಒಂದನ್ನೂ ಆಡದಿದ್ದರೂ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಸಂಜೆ ಬಂದು ಟೀವಿಯ ಎದುರು ಕೂತರೆ ಅಡುಗೆಮನೆಗೆ ಕೇಳುತ್ತಿದ್ದುದು ಅದೇ. ಅದರ ಜೊತೆಗೆ ಮಗನ ಬೈಗುಳ. ಅವನು ಆಟ ಆಡುವುದಕ್ಕಿಂತ ಆಟಕ್ಕೆ ಬೈಯುವುದೇ ಹೆಚ್ಚು, ಬೆಣ್ಣೆಯಲ್ಲೂ ಕಲ್ಲು ಹುಡುಕುವವನು. "ನೋಡಮ್ಮ, ಈ ಗೇಮಲ್ಲಿ ಒಬ್ಬ, ನನ್ನ ಮಗು ಈಗಲೋ ಆಗಲೋ ಅಂತಿದೆ, ಬೇಗ ಮದ್ದು ತಾ ಅಂತ ಅಳ್ತಾನೆ. ನಾನು ಹೋಗಿ ವಾರಗಟ್ಟಲೆ ಮೀನು ಹಿಡಿದು ಬಂದೆ. ಅಲ್ಲೇ ನಿಂತಿದಾನೆ! ಬೇಗ ತಾ ಅಂತಾನೆ! ಆ ಮಗು ಏನು ಕಲ್ಲಾ?" ಇನ್ನೊಂದು ದಿನ ಊಟದ ತಟ್ಟೆ ಹಿಡಿದೇ ಎದ್ದು ಬಂದಿದ್ದ. "ಗೇಮಲ್ಲಿ ಒಬ್ಬಳು ಏನೋ ಕೇಳಿದ್ಲು, ನಾನು ಆರಿಸಿದ್ದು 'ಬೇಡ' ಅಂತ. ಬರೀ ಬೇಡ. ನಮ್ಮ ಹೀರೋ ಬಾಯಿ ತೆಗೆದು 'ಥೂ, ನಿನ್ನ ಮುಖ ನೋಡೋಕೆ ಅಸಹ್ಯ' ಅಂತಾನೆ. ನಾನೆಲ್ಲಿ ಹಾಗಂದೆ? ಅವಳು ಜನ್ಮದಲ್ಲಿ ಇನ್ನು ನನ್ನ ಹತ್ತಿರ ಮಾತಾಡಲ್ಲ. ನನ್ನ ತಪ್ಪೇನು?" ಅವಳು ನಕ್ಕು, ಅನ್ನೋದು ಒಂದು ಆಗೋದು ಒಂದು, ಮನುಷ್ಯರೂ ಹಾಗೇ ಬಿಡು ಎಂದಿದ್ದಳು. ಅಮ್ಮನಿಗೆ ಗೇಮಿನಲ್ಲಿ ಪಾತ್ರ ಸಿಕ್ಕಿದೆ ಎಂದು ತಿಳಿದಾಗ ಅವನು ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ. ಇವತ್ತು ಬೆಳಿಗ್ಗೆ ಶೂ ಕಟ್ಟುತ್ತ ಕೇಳಿದ್ದ: "ಇವತ್ತು ಯಾವ ಸೀನಮ್ಮ? ಚೆನ್ನಾಗಿ ಮಾಡು. ಆ ಪೆದ್ದರು ಏನಾದ್ರೂ ಬರೆದಿದ್ರೆ ನೀನೇ ತಿದ್ದು." ಅವನು ಹಾಗೆ ನಗುನಗುತ್ತ ಹೇಳುವಾಗ ಅವಳ ಎಡಗೈ ಹಾಲಿನ ಪಾತ್ರೆ ಎತ್ತಲಾರದೆ ಒಲೆಯ ಅಂಚಿಗೆ ಒರಗಿಕೊಂಡಿತ್ತು, ಬಲಗೈ ಬಂದು ಎತ್ತಿತು. ಅವನು ನೋಡಲಿಲ್ಲ. ನೋಡದ ಹಾಗೆ ಅವಳೇ ಬೆನ್ನು ತಿರುಗಿಸಿದ್ದಳು. ಪಾತ್ರೆಯ ಪಕ್ಕದಲ್ಲಿ ಹೊಸ ಮಿಕ್ಸಿ, ಅಂಗಡಿಯ ಚೀಟಿಯನ್ನೂ ಕಿತ್ತಿರದ್ದು, ಬೆಳ್ಳಗೆ ಕೂತಿತ್ತು.

"ಮೇಡಂ, ಹೊಟ್ಟೆ ಶಬ್ದ ಬಂತು," ಎಂದ ಇನ್ನೊಂದ್ಸಲ.

ರೆಕಾರ್ಡ್ ಮಾಡುವ ಹುಡುಗ ಮುಖ ಬೇರೆ ಕಡೆ ತಿರುಗಿಸಿದ. ಅವಳ ಹೊಟ್ಟೆಯ ಗುರುಗುರು ಈಗ ಅವರ ಪೆಟ್ಟಿಗೆಯಲ್ಲಿ ದೊಡ್ಡದಾಗಿ ದಾಖಲಾಗಿದೆ, ಅಲೆಯಲೆಯಾಗಿ ಪರದೆಯ ಮೇಲೆ ಕಾಣುತ್ತಿದೆ. ಈ ವಯಸ್ಸಿನಲ್ಲಿ ಮಗನ ಓರಗೆಯವರ ಎದುರು ಬರಿಗಾಲಲ್ಲಿ ನಿಂತು ಹೊಟ್ಟೆಗೆ ಕ್ಷಮೆ ಕೇಳಬೇಕಾಗಿ ಬಂತಲ್ಲ ಎನಿಸಿ ಕಿವಿ ಬಿಸಿಯಾಯಿತು. ಹಸಿವಿನ ಸದ್ದಲ್ಲ ಅದು, ತಿಂಡಿ ತಿಂದೇ ಬಂದಿದ್ದಳು. ಕೆಲವು ವಾರಗಳಿಂದ ಹೊಟ್ಟೆಯಲ್ಲಿ ಏನೋ ಹೀಗೆ ಮಗುಚಿಕೊಳ್ಳುತ್ತಿತ್ತು. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಬಟ್ಟೆ ಒಣಹಾಕುವಾಗ, ಯಾರ ಮೇಲೆಂದು ಗೊತ್ತಿಲ್ಲದ ಒಂದು ಸಿಟ್ಟು ಬಂದು, ಕೂರಲು ಜಾಗ ಸಿಗದೆ ನಿಂತೇ ಇರುತ್ತಿತ್ತು. "ಸಾರಿ," ಎಂದಳು. "ಪರವಾಗಿಲ್ಲ ಮೇಡಂ. ಮಾತು ಆಯ್ತು, ಈಗ ಬರೀ ಸೌಂಡ್ಸು. ಏಟುಗಳು."

ಹಾಳೆಯ ಮೇಲೆ ಬರೆದಿತ್ತು: ತಾಯಿ, ಏಟು, ಸಣ್ಣದು. ತಾಯಿ, ಏಟು, ಮಧ್ಯಮ. ತಾಯಿ, ಏಟು, ದೊಡ್ಡದು.

"ಯಾರು ಹೊಡೀತಾರೆ?"

"ಪ್ಲೇಯರ್."

"ಪ್ಲೇಯರ್ ಅಂದ್ರೆ ಮಗ."

"ಹೂಂ, ಆದ್ರೆ ಬೇಕೂಂತ ಅಲ್ಲ ಮೇಡಂ," ಎಂದು ಇನ್ನೊಂದ್ಸಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಏನಾಗಿದೆ ಅಂದ್ರೆ, ಮಾತಾಡ್ಸೋಕೆ ಒಂದು ಬಟನ್ ಇದೆ. ಕೈಯಲ್ಲಿ ಕತ್ತಿ ಇದ್ರೆ ಅದೇ ಬಟನ್‌ಗೆ ಏಟು ಬೀಳುತ್ತೆ. ಜನ ಕತ್ತಿ ಒಳಗಿಡೋಕೆ ಮರೀತಾರೆ, ಅಮ್ಮನ್ನ ಮಾತಾಡ್ಸೋಕೆ ಹೋಗಿ ಹೊಡೆದುಬಿಡ್ತಾರೆ. ಆಡಿಸಿ ನೋಡಿದಾಗ ಎಲ್ಲರೂ ಹೊಡೆದ್ರು."

"ಮಾತಾಡ್ಸೋಕೂ ಹೊಡೆಯೋಕೂ ಒಂದೇ ಬಟನ್ನಾ?"

"ಬಟನ್ ಸಾಲಲ್ಲ ಮೇಡಂ."

"ಬಟನ್ ಬದಲಾಯಿಸೋದು ಬಿಟ್ಟು ಕಿರಿಚೋದಕ್ಕೆ ನನ್ನ ಕರೆಸಿದ್ರಾ?"

ಅವನು ನಕ್ಕ, ಅವಳು ತಮಾಷೆ ಮಾಡಿದಳೆಂದು ತಿಳಿದು. ಅವಳೂ ಹಾಗೆಯೇ ಇರಲಿ ಎಂದು ಬಿಟ್ಟಳು. ಸಣ್ಣ ಏಟಿಗೆ 'ಆ' ಎಂದಳು. ಮಧ್ಯಮಕ್ಕೆ ಉಸಿರು ಸೇರಿಸಿದಳು. ಕಸುಬಿನ ಸಂಗತಿ ಇದು. ನೋವೆಂದರೆ ಎದೆಯಿಂದಲ್ಲ, ಗಂಟಲಿನ ಹಿಂಬದಿಯಿಂದ ತೆಗೆಯಬೇಕು, ಇಲ್ಲವಾದರೆ ಮಾರನೆಯ ದಿನ ಸ್ವರ ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದೊಡ್ಡದಕ್ಕೆ ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಪ್ಪಾಯಿತು. ಕೆಲವು ವಾರಗಳ ಹಿಂದಿನಂತೆ ಮಗನ ಕೋಣೆಯ ಬಾಗಿಲು ಕಂಡಿತು, ಕೈಯಲ್ಲಿ ಮಡಿಸಿದ ಬಟ್ಟೆಯ ರಾಶಿ, ಮೇಲಿನದು ಅವನ ನೀಲಿ ಅಂಗಿ. ಒಳಗೆ ಅವನು ಫೋನಿನಲ್ಲಿ ಕೂಗಾಡುತ್ತಿದ್ದಾನೆ, ಮದುವೆಯಾಗುತ್ತೇನೆಂದು ಎರಡು ವರ್ಷದಿಂದ ಹೇಳುತ್ತಿದ್ದ ಹುಡುಗಿಯ ಹತ್ತಿರವೇ ಇರಬೇಕು. ಅವಳು ಮೊಣಕೈಯಿಂದ ಬಾಗಿಲು ನೂಕಿ, "ಯಾರೋ ಅದು, ಏನಾಯ್ತೋ?" ಎನ್ನುತ್ತಾಳೆ. ಅಷ್ಟೇ. ಅವನು ತಿರುಗಿದ. ಆ ಮುಖ ಅವನದಲ್ಲ. "ಹೋಗಾಚೆ!" ಎರಡು ಕೈ, ಪೂರ್ತಿ ಬಲ ಹಾಕಿದ ಗಂಡಸಿನ ಎರಡು ಕೈ, ಅವಳ ಭುಜಕ್ಕೆ. ಬಟ್ಟೆ ಚೆಲ್ಲಿತು. ಬೀಳದ ಹಾಗೆ ಹಿಡಿಯಲು ಹೋದ ಎಡಗೈ ಬಾಗಿಲ ಚಿಲಕಕ್ಕೂ ಗೋಡೆಗೂ ನಡುವೆ ಸಿಕ್ಕಿ ತಿರುಚಿಕೊಂಡಿತು. ಬಾಗಿಲು ಹಾಕಿಕೊಂಡಿತು. ಅವಳು ಅಂದು ಕೂಗಲಿಲ್ಲ. ಫೋನಿನ ಆ ಕಡೆಯವಳಿಗೆ ಕೇಳಿಸಬಾರದೆಂದು, ಮಗನ ಮರ್ಯಾದೆ ಹೋಗಬಾರದೆಂದು, ಬಾಯಿಗೆ ಬಂದದ್ದನ್ನು ಉಗುಳಿನ ಹಾಗೆ ನುಂಗಿ, ನೆಲದಲ್ಲಿ ಕೂತು ಬಟ್ಟೆಗಳನ್ನು ಒಂದೊಂದಾಗಿ ಒಂದೇ ಕೈಯಲ್ಲಿ ಮಡಿಸಿದ್ದಳು. ನೀಲಿ ಅಂಗಿಯನ್ನು ಎರಡು ಸಲ.

ಈಗ ಆ ಕೂಗು ಬಂತು. ತಾನು ತೆಗೆದದ್ದಲ್ಲ ಅದು, ತಾನಾಗಿ ಬಂದದ್ದು. ಗಂಟಲಿನ ಹಿಂಬದಿಯಿಂದಲ್ಲ, ಎಲ್ಲಿಂದಲೋ. ಸ್ಪಂಜಿನ ಗೋಡೆ ಅದನ್ನು ಕುಡಿದುಬಿಟ್ಟಿತು, ಹಾಗಾಗಿ ಅವಳಿಗೆ ಅದು ಅರ್ಧ ಮಾತ್ರ ಕೇಳಿಸಿತು.

ಕಣ್ಣು ತೆರೆದಾಗ ಗಾಜಿನ ಆಚೆ ಇಬ್ಬರೂ ಎದ್ದು ನಿಂತಿದ್ದರು. ಇನ್ನೊಂದ್ಸಲನ ಹೆಬ್ಬೆರಳು ಮೇಲಿತ್ತು. "ಅದ್ಭುತ ಮೇಡಂ! ಮೈ ಜುಂ ಅಂತು! ಇದನ್ನೇ ಇಟ್ಕೊಳ್ಳೋಣ. ಇದೇ ಥರದ್ದು ಇನ್ನೊಂದ್ಸಲ, ನೋವು ಒಂಚೂರು ಕಮ್ಮಿ."

ನೋವು ಒಂಚೂರು ಕಮ್ಮಿ. ಅವಳು ಕೊಟ್ಟಳು. ಕೊಡುತ್ತಿದ್ದಂತೆ ತನ್ನ ಮೇಲೇ ಅಸಹ್ಯವೆನಿಸಿತು. ಎಷ್ಟು ಸಲೀಸಾಗಿ ಬಂದುಬಿಡುತ್ತದೆ, ಕೇಳಿದಷ್ಟು ಕಮ್ಮಿ, ಕೇಳಿದಷ್ಟು ಜಾಸ್ತಿ, ನಲ್ಲಿ ತಿರುಗಿಸಿದ ಹಾಗೆ. ನೀರು ಕುಡಿದಳು. ಹಾಳೆ ತಿರುಗಿಸಿದಳು. ಮುಂದಿನ ಸಾಲು ಹೀಗಿತ್ತು: ಏಟಿನ ನಂತರ, ಉಡುಗೊರೆ ಪಡೆದಾಗ. 'ಪರವಾಗಿಲ್ಲ ಮಗನೇ. ನನಗೆ ನಿನ್ನ ಮೇಲೆ ಯಾವುದೇ ಕೋಪವಿಲ್ಲ.'

"ಉಡುಗೊರೆ ಅಂದ್ರೆ?"

"ಕಾಡುಹೂವು, ಜೇನು, ಏನಾದ್ರೂ. ಒಬ್ಬೊಬ್ಬರಿಗೂ ಒಂದು ಅಕ್ಕರೆ ಪಟ್ಟಿ ಇರುತ್ತೆ ಮೇಡಂ. ಹೊಡೆದ್ರೆ ಅಂಕ ಇಳಿಯುತ್ತೆ, ಕೊಟ್ರೆ ಏರುತ್ತೆ. ಒಂದು ಹೂ ಕೊಟ್ರೆ ಅಮ್ಮ ಪೂರ್ತಿ ಸರಿ ಹೋಗ್ತಾಳೆ. ಬೇರೆಯವರಿಗೆ ಜಾಸ್ತಿ ಬೇಕು. ಅಮ್ಮ ಅಲ್ವಾ, ಅವಳಿಗೆ ಒಂದೇ ಸಾಕು ಅಂತ ಇಟ್ಟಿದಾರೆ."

ತಳ್ಳಿದ ಮಾರನೆಯ ಸಂಜೆ ಮಗ ಮಿಕ್ಸಿಯ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದ. "ಹಳೇದು ಗರಗರ ಅಂತಿತ್ತಲ್ಲ," ಎಂದಿದ್ದ, ಪೆಟ್ಟಿಗೆಯ ಹಿಂದಿನಿಂದ, ಮುಖ ಕಾಣದ ಹಾಗೆ. ಅವಳು ಏನೆಂದಳು? "ಯಾಕೋ ಸುಮ್ನೆ ದುಡ್ಡು ಹಾಳು ಮಾಡ್ತೀಯ," ಎಂದಳು, ಮತ್ತು ನಕ್ಕಳು. ಆ ನಗು! ಸೋಪಿನ ಜಾಹೀರಾತಿನ ಕೊನೆಯಲ್ಲಿ ಬಿಳಿ ಅಂಗಿ ಎತ್ತಿ ಹಿಡಿದು ನಗುವ ತಾಯಿಯ ನಗು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಯಾರೂ ಬೆರಳೆತ್ತದೆ ಮೊದಲ ಸಲಕ್ಕೇ ಸರಿಯಾಗಿ ಬಂದದ್ದು. ಅವನ ಮುಖದ ಬಿಗಿ ಸಡಿಲವಾದದ್ದನ್ನು ಕಂಡಿದ್ದಳು. ಹುಡುಗಿ ಬಿಟ್ಟುಹೋಗಿರಬೇಕು, ಪಾಪ, ಕಣ್ಣು ಊದಿಕೊಂಡಿದೆ ಎಂದು ಮರುಕ ಬಂದಿತ್ತು. ಆ ಮರುಕವೇ ಬಾಗಿಲು ತೆರೆದು ಸಿಟ್ಟನ್ನು ಹಿತ್ತಿಲಿಂದ ಆಚೆ ಕಳಿಸಿಬಿಟ್ಟಿತ್ತು. ಅವನು ಚಿಕ್ಕವನಾಗಿದ್ದಾಗಲೂ ಹೀಗೆಯೇ. ಲೋಟ ಒಡೆದು, ತುಟಿ ನಡುಗಿ, ಅವನೇನೋ ಹೇಳಲು ಬಾಯಿ ತೆರೆಯುವ ಮೊದಲೇ ಅವಳು ಓಡಿಬಂದು ಪರವಾಗಿಲ್ಲ ಬಿಡು ಎಂದುಬಿಡುತ್ತಿದ್ದಳು. ಎಷ್ಟು ಬೇಗ! ತಪ್ಪಾಯ್ತು ಎಂಬ ಆ ಇನ್ನೊಂದು ಮಾತನ್ನು ಅವನು ಕಲಿಯುವುದಕ್ಕೆ ಪುರುಸೊತ್ತೇ ಕೊಟ್ಟಿರಲಿಲ್ಲ.

"ನಾನಿದನ್ನ ಹೇಳಲ್ಲ," ಎಂದಳು.

ಗಾಜಿನ ಆಚೆ ಇನ್ನೊಂದ್ಸಲ ಕಿವಿಗೆ ಕೈ ಹಚ್ಚಿದ. ಅವಳಿಗೂ ತನ್ನ ದನಿ ಅಪರಿಚಿತವಾಗಿತ್ತು. ಮೂವತ್ತು ವರ್ಷದಲ್ಲಿ ಹಾಳೆಯಲ್ಲಿದ್ದ ಮಾತನ್ನು ಮೈಕಿನ ಎದುರು ಹೇಳುವುದಿಲ್ಲ ಎಂದದ್ದು ಇದೇ ಮೊದಲು. "ಏನಂದ್ರಿ ಮೇಡಂ?" "ಹೇಳಲ್ಲ ಅಂದೆ. ಬೆನ್ನಿಗೆ ಕತ್ತಿ ಬಿದ್ದಿದೆ, ಈಗ ತಾನೇ ಕಿರಿಚಿದೀನಿ, ನೀವೇ ಎದ್ದು ನಿಂತು ಅದ್ಭುತ ಅಂದ್ರಿ. ಹೂ ಕೊಟ್ಟ ಅಂತ ಕೋಪ ಇಲ್ಲ ಅಂದ್ರೆ ಆ ಕೂಗು ಸುಳ್ಳಾಗಲ್ವಾ? ಎರಡರಲ್ಲಿ ಒಂದು ಇಟ್ಕೊಳ್ಳಿ."

ಇನ್ನೊಂದ್ಸಲ ಅವಳ ಹತ್ತಿರ ವಾದ ಮಾಡಲಿಲ್ಲ, ಫೋನು ಎತ್ತಿದ. ಸ್ವಲ್ಪ ಹೊತ್ತಿಗೆ ಮೇಲಿನ ಮಹಡಿಯಿಂದ ಮಾತು ಬರೆಯುವ ಹುಡುಗಿ ಇಳಿದು ಬಂದಳು. ಸಣಕಲು ಮೈ, ತೋಳಿಗಿಂತ ಉದ್ದದ ಸ್ವೆಟರು, ಉಗುರು ಕಚ್ಚಿ ಕಚ್ಚಿ ತುದಿ ಕೆಂಪಾದ ಬೆರಳು. ಇರುವಿಕೆ ಎಂದು ಬರೆದವಳು ಇವಳೇ ಎಂದು ತಿಳಿದ ಕೂಡಲೇ ಅವಳಿಗೆ ಬೈಯಬೇಕೆನಿಸಿತು. ಆ ಬೆರಳು ನೋಡಿ ಬೈಗುಳ ತಡೆಯಿತು. ತಡೆದದ್ದಕ್ಕೆ ಮತ್ತೆ ಸಿಟ್ಟು ಬಂತು.

"ಏನಮ್ಮ, ನಿಮ್ಮಮ್ಮ ಹೀಗೆ ಮಾತಾಡ್ತಾರಾ?"

"ಇಲ್ಲ ಮೇಡಂ." ಹುಡುಗಿ ಬಾಗಿಲಲ್ಲೇ ನಿಂತಳು. "ನಾನು ಮೊದಲು ಬರೆದಿದ್ದು ಬೇರೆ. 'ಬಂದ್ಯಾ? ಕೈಕಾಲು ತೊಳ್ಕೋ' ಅಂತಿತ್ತು. ಅದು ಯಾವ ಸಂದರ್ಭಕ್ಕೂ ಹೊಂದಬೇಕಲ್ಲ, ಮಳೆಯಲ್ಲಿ ಬಂದ್ರೂ ಯುದ್ಧದಿಂದ ಬಂದ್ರೂ. ಹಾಗಾಗಿ ಮೇಲಿನವರು ಸಾಮಾನ್ಯವಾಗಿರೋದು ಬರಿ ಅಂದ್ರು. ಬರೀತಾ ಬರೀತಾ ಹೀಗಾಯ್ತು."

"ಮತ್ತೆ ಈ ಪರವಾಗಿಲ್ಲ?"

"ಅದೂ ಹಾಗಿರಲಿಲ್ಲ. ಹೊಡೆದ್ರೆ ಅವಳು ಮಾತಾಡಲ್ಲ ಅಂತ ಬರೆದಿದ್ದೆ. ಹೂ ಕೊಟ್ರೆ ತಗೊಂಡು ಪಕ್ಕಕ್ಕಿಡ್ತಾಳೆ. ಸುಮ್ನೆ ತನ್ನ ಕೆಲಸ ಮಾಡ್ತಾ ಇರ್ತಾಳೆ." ಹುಡುಗಿಯ ಮುಖ ಒಂದು ಕ್ಷಣ ಬೆಳಗಿ ಆರಿತು. "ಆಡಿಸಿ ನೋಡಿದ್ರು. ಮುಂದಿನ ದಾರಿ ಹೇಳಬೇಕಾದೋಳು ಅವಳೇ. ಅವಳು ಮಾತಾಡದಿದ್ರೆ ಆಟ ಮುಂದಕ್ಕೆ ಹೋಗಲ್ಲ. ಜನ ಬೇಜಾರಾಗಿ ಬಿಟ್ಟು ಎದ್ದು ಹೋದ್ರಂತೆ."

"ಹೋಗ್ಲಿ."

"ನಾನೂ ಅದನ್ನೇ ಅಂದೆ ಮೇಡಂ. ಮೀಟಿಂಗಲ್ಲಿ ಎಲ್ಲ ನಕ್ಕರು. ಒಬ್ರು, ನಿಮ್ಮನೇಲಿ ಏನಾದ್ರೂ ಸಮಸ್ಯೆ ಇದ್ಯಾ ಅಂತ ಕೇಳಿದ್ರು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹುಡುಗಿ ಸ್ವೆಟರಿನ ತೋಳಿನೊಳಗೆ ಬೆರಳು ಎಳೆದುಕೊಂಡಳು. ಮಗಳಿದ್ದಿದ್ದರೆ ಇಷ್ಟು ವಯಸ್ಸಾಗಿರುತ್ತಿತ್ತೇನೋ ಎನ್ನಿಸಿ, ಅದರ ಬೆನ್ನಿಗೇ, ಅಯ್ಯೋ, ಇವಳಿಗೂ ತಾಯಿಯಾಗಲು ಹೊರಟೆನಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಇನ್ನೊಂದ್ಸಲನ ದನಿ, ಜಗಳ ಬಗೆಹರಿಸಿದವನ ಹುರುಪಿನಲ್ಲಿ, ಕೋಣೆಯ ಸ್ಪೀಕರಿನಿಂದ ಬಂತು.

"ಮೇಡಂ, ತಲೆ ಕೆಡಿಸ್ಕೋಬೇಡಿ. ನೀವು ಹೇಳಬೇಕಾಗೇ ಇಲ್ಲ. ಮೊನ್ನೆ ಮಗ ಮಡಕೆ ಒಡೆಯೋ ಸೀನಿಗೆ ಒಂದು ಲೈನ್ ಹೇಳಿದ್ರಲ್ಲ, ಅದಿದೆ. ಕತ್ತರಿಸಿ ಇಲ್ಲಿಗೆ ಹಾಕ್ತೀವಿ. ಕೇಳಿ."

ಕೇಳಿಸಿದ. 'ಪರವಾಗಿಲ್ಲ ಬಿಡು.' ಅವಳದೇ ದನಿ. ಬೆಚ್ಚಗಿತ್ತು, ತುಸು ದಣಿದಿತ್ತು, ಎಲ್ಲೂ ಸುಳ್ಳಿರಲಿಲ್ಲ, ಮಡಕೆಗೆ ಹೇಳಿದ್ದಲ್ಲವೇ. ಮತ್ತೊಮ್ಮೆ ಕೇಳಿಸಿದ, ಈ ಸಲ ಮೊದಲು ಅವಳ ಆ ದೊಡ್ಡ ಕೂಗು, ಅದರ ಹಿಂದೆಯೇ ಪರವಾಗಿಲ್ಲ ಬಿಡು. "ನೋಡಿ, ಎಷ್ಟು ಚೆನ್ನಾಗಿ ಕೂತ್ಕೊಳ್ತು," ಎಂದ. ನಿಜವಾಗಿಯೂ ಚೆನ್ನಾಗಿ ಕೂತಿತ್ತು. ಬೆಸುಗೆಯೇ ಕಾಣುತ್ತಿರಲಿಲ್ಲ. ಅವಳ ಒಪ್ಪಿಗೆ ಬೇಕಾಗಿಯೇ ಇರಲಿಲ್ಲ. ಎಷ್ಟೋ ಮನೆಗಳಲ್ಲಿ, ಯಾರು ಯಾರೋ ಬಟನ್ ಒತ್ತಿದಾಗೆಲ್ಲ, ಅವಳು ಮನೆಯಲ್ಲಿ ಮಲಗಿದ್ದಾಗಲೂ, ಸತ್ತ ಮೇಲೂ, ಕಿರಿಚಿ ಕಿರಿಚಿ ಪರವಾಗಿಲ್ಲ ಬಿಡು ಎನ್ನುತ್ತಲೇ ಇರುತ್ತಾಳೆ. "ಅದು ಮಡಕೆಗೆ ಹೇಳಿದ್ದು," ಎಂದಳು. "ಗೊತ್ತಾಗಲ್ಲ ಬಿಡಿ ಮೇಡಂ," ಎಂದು ಅವನು ಮುಂದಿನ ಹಾಳೆ ತೆಗೆಯಲು ಹೇಳಿದ. ಹುಡುಗಿ ಯಾವಾಗ ಹೊರಟುಹೋದಳೋ ತಿಳಿಯಲಿಲ್ಲ. ಇವಳು ಹೆಡ್‌ಫೋನು ತೆಗೆದು ಮೊಳೆಗೆ ಸಿಕ್ಕಿಸಿ, ಬಾಗಿಲಾಚೆ ಬಂದು ಚಪ್ಪಲಿ ಹಾಕಿಕೊಂಡಳು. "ಮೇಡಂ, ಇನ್ನೂ ಇದೆ," ಎಂದ ಇನ್ನೊಂದ್ಸಲ. "ಇರ್ಲಿ. ಅದನ್ನೂ ಕತ್ತರಿಸಿ ಹಾಕ್ಕೊಳ್ಳಿ."

ಬೀದಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಅವನಿಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಎಂದಿನಂತೆ ಈಗ, ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ, ಸಾಲುಗಟ್ಟಿ ಬರತೊಡಗಿದವು. ಹಣ್ಣಿನ ಅಂಗಡಿ ದಾಟುವವರೆಗೆ ನಿರ್ದೇಶಕನಿಗೆ ಬೈದಳು. ಔಷಧಿ ಅಂಗಡಿ ದಾಟುವವರೆಗೆ, ಒಂದೇ ಬಟನ್ ಇಟ್ಟ ಆ ಮುಖ ಕಾಣದ ಜಾಣರಿಗೆ. ಬಸ್ಸು ಹತ್ತುವ ಹೊತ್ತಿಗೆ ಬೈಯಲು ಯಾರೂ ಉಳಿಯದೆ, ಮನಸ್ಸಿನಲ್ಲಿ ನೆರಳಿನ ಹಾಗೆ ಹಿಂದಿನಿಂದ ಬರುತ್ತಿದ್ದ ಮಗನೊಬ್ಬನೇ ಉಳಿದ. ಅವನಿಗೆ ಬೈಯಲಾರದೆ ತನಗೇ ಬೈದುಕೊಂಡಳು. ನಿನ್ನ ನಗುವಿಗೆ ಬೆಂಕಿ ಬೀಳಲಿ, ನಿನ್ನದೂ ಒಂದೇ ಹೂವಿನ ಲೆಕ್ಕವೇ ಅಲ್ಲವೇ? ಆ ಮುಖ ಕಾಣದವರು ನಿನ್ನನ್ನು ನೋಡಿಯೇ ಆಟ ಕಟ್ಟಿರಬೇಕು. ಬಸ್ಸು ಬ್ರೇಕು ಹಾಕಿದಾಗ ಮುಂದೆ ನಿಂತಿದ್ದವನ ಹಿಮ್ಮಡಿ ಅವಳ ಕಾಲಬೆರಳ ಮೇಲೆ ಬಿತ್ತು. "ಸಾರಿ ಸಾರಿ," ಎಂದ ಅವನು ತಿರುಗಿಯೂ ನೋಡದೆ. "ಪರವಾ..." ಎಂದು ತುಟಿ ತಾನಾಗಿ ಹೊರಟಿತ್ತು. ಹಿಡಿದಳು. "ನೋವಾಯ್ತು," ಎಂದಳು. ಅವನು ತಿರುಗಿದ, ಟೈ ಕಟ್ಟಿದ ಮಧ್ಯವಯಸ್ಕ. "ಸಾರಿ ಅಂದ್ನಲ್ಲ?" "ಅಂದ್ರಿ. ನೋವಾಗಿದೆ ಅಂತ ಹೇಳಿದೆ ಅಷ್ಟೇ." ಅವನು ಸುತ್ತಲಿನವರನ್ನು, ಹುಚ್ಚಿಯೇನೋ ಎಂಬ ಹಾಗೆ ನೋಡಿ, ಎರಡು ಹೆಜ್ಜೆ ಆಚೆ ಸರಿದು ನಿಂತ. ಅವಳ ಮುಖ ಉರಿಯುತ್ತಿತ್ತು, ಕಾಲೂ ಉರಿಯುತ್ತಿತ್ತು. ಕೆಲವು ವಾರಗಳಲ್ಲಿ ಮೊದಲ ಸಲ ಹೊಟ್ಟೆ ಮಾತ್ರ ಸುಮ್ಮನಿತ್ತು.

ಮಗ ಅಂಗಡಿಯಿಂದ ಬಂದಾಗ ಅವಳು ತರಕಾರಿ ಹೆಚ್ಚುತ್ತಿದ್ದಳು. ಅವನು ಬ್ಯಾಗು ಬಿಸಾಕಿ, ಅಡುಗೆಮನೆಯ ಬಾಗಿಲಿಗೆ ಒರಗಿ, ಬುಟ್ಟಿಯಿಂದ ಒಂದು ಕ್ಯಾರೆಟ್ಟು ಎತ್ತಿಕೊಂಡ. "ಏನಾಯ್ತಮ್ಮ ಇವತ್ತು? ಯಾವ ಸೀನು?"

ಅವಳು ಹೇಳಿದಳು. ಒಂದೇ ಬಟನ್ನು, ಕತ್ತಿ, ಕೂಗು, ಅಕ್ಕರೆಯ ಅಂಕ, ಹೂವು. ತನ್ನ ಜಗಳವನ್ನು ಹೇಳಲಿಲ್ಲ, ಆಟವನ್ನಷ್ಟೇ ಹೇಳಿದಳು. ಅವನು ಕ್ಯಾರೆಟ್ಟು ಕಡಿಯುವುದನ್ನು ನಿಲ್ಲಿಸಿ ಕೇಳಿದ, ಕೇಳಿ ಹಣೆ ಬಡಿದುಕೊಂಡ.

"ಕರ್ಮ! ಮಾತಿಗೂ ಏಟಿಗೂ ಒಂದೇ ಬಟನ್ನಾ? ಇದನ್ನ ಮಾಡಿದೋರು ಯಾವತ್ತಾದ್ರೂ ಗೇಮ್ ಆಡಿದಾರಾ? ಅದು ಹೋಗ್ಲಿ, ಹೊಡೆದು ಹೂ ಕೊಟ್ರೆ ಎಲ್ಲ ಸರಿ ಹೋಗೋದು ಅಂದ್ರೇನು? ಇದೇ ನೋಡು ನಂಗೆ ಮೈ ಉರಿಯೋದು. ಮಾಡಿದ್ದಕ್ಕೆ ತೆರೋ ಬೆಲೆನೇ ಇಲ್ಲ ಅಂದ್ರೆ ಏನು ಮಾಡಿ ಏನು ಪ್ರಯೋಜನ? ಯಾವ ಅಮ್ಮ ಹಾಗೆ ಸುಮ್ಮನಾಗ್ತಾಳೆ?"

ಚಾಕು ಹಲಗೆಯ ಮೇಲೆ ನಿಂತಿತು.

"ನಾನು ಸುಮ್ಮನಾದೆ," ಎಂದಳು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ನಗು ಇನ್ನೂ ಮುಖದ ಮೇಲೆಯೇ ಇತ್ತು, ಯಾರೋ ತೆಗೆಯಲು ಮರೆತ ಹಾಗೆ. ಅವಳು ಅವನ ಕಡೆ ತಿರುಗಿದಳು. "ನೀನು ನನ್ನ ತಳ್ಳಿದೆ. ನಿನ್ನ ಕೋಣೆ ಬಾಗಿಲಲ್ಲಿ. ಮಾರನೇ ದಿನ ಇದನ್ನ ತಂದೆ." ಮಿಕ್ಸಿಯ ಕಡೆ ಗದ್ದ ತೋರಿಸಿದಳು. "ನಾನು ನಕ್ಕೆ."

"ಅಮ್ಮ, ಅದು..." ಅವನ ಕಿವಿ ಕೆಂಪಾಯಿತು. "ಅದು ಆವತ್ತೇ ಮುಗೀತಲ್ಲ? ಆವತ್ತು ನನ್ನ ಪರಿಸ್ಥಿತಿ ಹೇಗಿತ್ತು ನಿಂಗೆ ಗೊತ್ತಾ? ಅವಳು ಫೋನಲ್ಲಿ ಏನೇನಂದ್ಲು ಗೊತ್ತಾ?"

"ಗೊತ್ತಿಲ್ಲ. ನೀನು ಹೇಳಿಲ್ಲ."

"ಬೇಕೂಂತ ತಳ್ಳಿದ್ನಾ? ಇಷ್ಟು ದಿನ ಮನಸ್ಸಲ್ಲಿ ಇಟ್ಕೊಂಡು ಈಗ ಗೇಮಿನ ಕಥೆ ಹೇಳಿ ಬಲೆಗೆ ಹಾಕ್ತೀಯಾ? ಆವತ್ತೇ ಬೈಯಬಹುದಿತ್ತಲ್ಲ!"

"ಬೈಯಬಹುದಿತ್ತು. ಬೈಲಿಲ್ಲ. ನನ್ನದೇ ತಪ್ಪು." ದನಿ ಏರುತ್ತಿರುವುದು ಅವಳಿಗೆ ತಿಳಿಯಿತು, ಹಿಡಿಯಲು ಹೋಗಲಿಲ್ಲ. "ಈಗ ಬೈತಿದೀನಿ. ನಂಗೆ ಕೋಪ ಬಂದಿದೆ. ಆವತ್ತೂ ಬಂದಿತ್ತು. ಇವತ್ತು ಹೋಗಲ್ಲ, ನಾಳೆ ಹೋಗುತ್ತೋ ಇಲ್ವೋ ಗೊತ್ತಿಲ್ಲ. ಹೆತ್ತೋಳ ಮೈಮೇಲೆ ಕೈ ಹಾಕಿ, ಅಂಗಡಿಯಿಂದ ಒಂದು ಡಬ್ಬ ತಂದಿಟ್ಟು, ಮುಗೀತು ಅಂತ ಟೀವಿ ಮುಂದೆ ಕೂತ್ಯಲ್ಲ, ಆ ಗೇಮಿನವರಿಗೆ ಬೈಯೋಕೆ ನಿಂಗೆ ನಾಚಿಕೆ ಆಗಲ್ವೇನೋ?"

ಅವನು ಹೊರಟುಹೋಗುತ್ತಾನೆ, ಬಾಗಿಲು ಬಡಿಯುತ್ತಾನೆ ಎಂದು ಅವಳು ಕಾದಳು. ಹೋದರೆ ಹೋಗಲಿ ಎಂದುಕೊಂಡಳು. ಅವನು ಹೋಗಲಿಲ್ಲ. ಅರ್ಧ ಕಚ್ಚಿದ ಕ್ಯಾರೆಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಿಂದ ಕೈಗೆ ಬದಲಾಯಿಸಿದ.

"ಸರಿ, ಈಗ ನಾನೇನು ಮಾಡಬೇಕು? ಹೇಳು, ಮಾಡ್ತೀನಿ."

"ನಿನ್ನ ಮಾತನ್ನೂ ನಾನೇ ಹೇಳಿಕೊಡ್ಲಾ?"

ಅವನು ಬಾಯಿ ತೆರೆದ, ಮುಚ್ಚಿದ. ಇಲ್ಲಿ, ಸರಿಯಾಗಿ ಇಲ್ಲಿ, ಮೊದಲಾಗಿದ್ದರೆ ಅವಳು ನುಗ್ಗುತ್ತಿದ್ದಳು. ಹೋಗಲಿ ಬಾ, ಊಟಕ್ಕೆ ಕೂರು ಎನ್ನುತ್ತಿದ್ದಳು. ಆ ಮಾತುಗಳು ಹಲ್ಲಿನ ಹಿಂದೆ ಬಂದು ನಿಂತಿದ್ದವು. ಹಲ್ಲು ಕಚ್ಚಿ ನಿಂತಳು. ಅವನ ಒದ್ದಾಟ ನೋಡಲಾಗದಿದ್ದರೂ ನೋಡಿದಳು. ಮುಖ ಎತ್ತದೆ ಅವನು ಕೇಳಿದ:

"ಎಲ್ಲಿ ತಗುಲಿತ್ತು?"

"ಕೈಗೆ."

"ಯಾವ ಕೈಗೆ?"

ಒಳಗೆ ಏನೋ ಭುಗಿಲ್ಲೆಂದಿತು. ಇಷ್ಟು ದಿನ ಒಂದೇ ಸೂರಿನ ಅಡಿಯಲ್ಲಿ, ಬೆಳಿಗ್ಗೆ ಸಂಜೆ ಅವನ ಎದುರಿಗೇ ಓಡಾಡಿದ ಕೈ. ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವನು. ಹೇಳಿಬಿಡಲು ನಾಲಿಗೆ ಹೊರಳಿತು. ಹೇಳಲಿಲ್ಲ.

"ನೋಡಿ ಹೇಳು," ಎಂದು ಒಲೆಯ ಕಡೆ ತಿರುಗಿದಳು.

ಅವಳು ಪಾತ್ರೆಗೆ ನೀರು ತುಂಬಿದಳು, ಹೆಚ್ಚಿದ್ದನ್ನು ಹಾಕಿದಳು, ಮುಚ್ಚಳ ಹುಡುಕಿದಳು. ಬೇಗ ಮಾಡಲಿಲ್ಲ, ತೋರಿಸಲೆಂದು ನಿಧಾನವನ್ನೂ ಮಾಡಲಿಲ್ಲ. ಬೆನ್ನು ಮಾತ್ರ ಅಡ್ಡ ಹಿಡಿಯಲಿಲ್ಲ. ಅವನು ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಕಣ್ಣು ಕಿರಿದು ಮಾಡಿ, ಒಂದು ಕೈಯಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ನೀರು ಕುದಿಯತೊಡಗಿತು. ಪಾತ್ರೆ ಇಳಿಸುವ ಹೊತ್ತಿಗೆ ಅವಳು ಎರಡೂ ಕೈಗಳಲ್ಲಿ ಬಟ್ಟೆ ಹಿಡಿದು ಎತ್ತಿದಳು. ಭಾರ ಒಂದು ಬದಿಗೆ ವಾಲಿ, ಬಿಸಿನೀರು ಒಲೆಯ ಮೇಲೆ ತುಳುಕಿ ಚುಂಯ್ ಎಂದಿತು.

ಅವನು ಒಂದು ಹೆಜ್ಜೆ ಮುಂದಿಟ್ಟು, ನಿಂತ.

"ಎಡಗೈ," ಎಂದ.

ಅವಳು ಪಾತ್ರೆಯನ್ನು ಕೆಳಗಿಟ್ಟಳು. ಹೌದೆನ್ನಲೂ ಇಲ್ಲ, ಅವನ ಕಡೆ ತಿರುಗಲೂ ಇಲ್ಲ. ತುಳುಕಿದ ನೀರು ಒಲೆಯ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸುವ ಬಟ್ಟೆ ಅವನ ಕೈಗೆ ಎಟಕುವಷ್ಟು ದೂರದಲ್ಲಿತ್ತು. ಅದನ್ನೂ ಅವಳು ಹೇಳಲಿಲ್ಲ.